ಶಾಂತಾದೇವಿ ಹೆಕ್ಕಿದ್ದು

ಬೈರಣ್ಣ ಉಪ್ಪಿನ ಮೂಟೆಯ ಬಾಯಿ ಬಿಚ್ಚಿ ಗುಂಡಿಯೊಳಕ್ಕೆ ಸುರಿಯತೊಡಗಿದಾಗ ಕರಿಬಸವಯ್ಯ ಒಂದು ಹೆಜ್ಜೆ ಹಿಂದೆ ಸರಿದರು. ಕೆಳಗೆ ಅವರ ಹೆಂಡತಿ ಶಾಂತಾದೇವಿ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಪದ್ಮಾಸನ ಹಾಕಿ ಕುಳಿತಿದ್ದಳು. ನಿನ್ನೆ ಸಂಜೆ ಬಟ್ಟೆ ಒಣಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಿದ್ದಳು. ಮತ್ತೆ ಮಾತಾಡಲಿಲ್ಲ.

"ಅಮ್ಮಾವ್ರ ತೌರಿಂದ ಯಾರೂ ಬರ್ಲಿಲ್ವಾ ಸಾಮಿ?" ಬೈರಣ್ಣ ಕೇಳಿದ. ಯಡಿಯೂರಿನವನು; ಅವನ ರಾಗಿ ಹೊಲವಿದ್ದ ಕಡೆಯೇ ಈಗ ಜಯನಗರದ ಇವರ ಮನೆ ಎದ್ದಿತ್ತು.

"ಕುಮಟೆಗೆ ಟೆಲಿಗ್ರಾಂ ಕೊಟ್ಟಿದೀನಿ. ಅವಳಣ್ಣ ಬರೋದು ಇನ್ನೂ ಎರಡು ದಿನ ಆಗತ್ತೆ."

"ಕಡಲು ಇರೋ ಊರಲ್ವಾ ಅದು? ನಮ್ಮನೆಯೋಳು ಗೌರಮ್ಮನ ಹತ್ರ ದಿನಾ ಅದೇ ಕತೆ."

"ಯಾರು, ಇವಳಾ?"

"ಇನ್ಯಾರು? ನಿಮಗ್ ಗೊತ್ತಿಲ್ದೇ ಇರತ್ತಾ."

"ಹ್ಞೂ, ಗೊತ್ತು," ಎಂದರು ಕರಿಬಸವಯ್ಯ. ಹೆಂಡತಿಯ ಬಾಯಲ್ಲಿ ಕಡಲೆಂಬ ಮಾತು ಕೇಳಿ ಅವರಿಗೆ ಒಂಬತ್ತು ವರ್ಷವಾಗಿತ್ತು.

*

ಐವತ್ಮೂರನೇ ಇಸವಿಯಲ್ಲಿ ಆಫೀಸಿನ ಕೆಲಸದ ಮೇಲೆ ಮದರಾಸಿಗೆ ಹೊರಟಾಗ, ಏನನ್ನೂ ಬೇಡದ ಶಾಂತಾದೇವಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳು. ಸಮುದ್ರದ ದಂಡೆ ಕಂಡದ್ದೇ ತಡ, ಚಪ್ಪಲಿ ಕಳಚಿ, ಸೀರೆ ಮೇಲೆತ್ತಿ ಸಿಕ್ಕಿಸಿ, ಒದ್ದೆ ಮರಳಿನ ಮೇಲೆ ಬಗ್ಗಿಕೊಂಡು ನಡೆದುಬಿಟ್ಟಳು. ಕವಡೆ, ತೂತು ಬಿದ್ದ ಚಿಪ್ಪು, ನೀರು ನೆಕ್ಕಿ ನುಣುಪಾದ ಮರದ ತುಂಡು. ಸೆರಗು ತುಂಬಿತು.

"ಬೆಳಕು ಹರಿಯೋ ಮುಂಚೆ ನಾನೂ ಅಣ್ಣನೂ ಓಡ್ತಿದ್ವಿ ರೀ. ಒಂದ್ಸಲ ಯಾವ್ದೋ ದೇಶದ ಮೀನುಬಲೆಗೆ ಕಟ್ಟೋ ಗಾಜಿನ ಗುಂಡು ತೇಲಿ ಬಂದಿತ್ತು, ಇಷ್ಟು ದಪ್ಪ! ಅಷ್ಟು ದೂರದಿಂದ ಬಂದ್ರೂ ಒಂದು ಬಿರುಕಿಲ್ಲ..."

ಮದುವೆಯಾಗಿ ಹದಿನೈದು ವರ್ಷದಲ್ಲಿ ಆ ಮುಖವನ್ನು ಅವರು ಕಂಡಿರಲಿಲ್ಲ. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬ ಹೆಂಡತಿಯೊಡನೆ ಅತ್ತಲೇ ಬರುವುದು ಕಾಣಿಸಿತು.

"ಸೀರೆ ಇಳಿಸು. ಹುಚ್ಚಿ ಥರ ಆಡ್ತೀಯಲ್ಲ! ಸತ್ತ ಹುಳದ ಚಿಪ್ಪು ಲಿಂಗ ಪೂಜೆ ಮಾಡೋ ಮನೆಗೆ ತರ್ತೀಯಾ?"

ಅವಳು ಸೆರಗನ್ನು ಕೊಡವಲಿಲ್ಲ. ಕೂತು, ಒಂದೊಂದನ್ನೇ ಎತ್ತಿ ಮರಳಿನ ಮೇಲಿಟ್ಟಳು. ವಾಪಸು ಬರುವಾಗ ರೈಲಿನಲ್ಲಿ "ಕೋಪಾನಾ?" ಎಂದು ಕೇಳಿದರು. "ಇಲ್ಲ," ಅಂದಳು. ಕೋಪವಿರಲೂ ಇಲ್ಲ. ಅಡಿಗೆ ಮಾಡಿದಳು, ಬಡಿಸಿದಳು, ನಗಬೇಕಾದಲ್ಲಿ ನಕ್ಕಳು. ಕಡಲಿನ ಮಾತೊಂದು ಮಾತ್ರ ಮತ್ತೆ ಮನೆಯೊಳಗೆ ಬರಲಿಲ್ಲ.

*

ಸಂಜೆಗೆ ಬಂದವರೆಲ್ಲ ಹೊರಟುಹೋದರು. ಮಕ್ಕಳಿಲ್ಲದ ಮನೆ. ಒಳಗೆ ದೀಪವೊಂದು ಉರಿಯುತ್ತಿತ್ತು. ಕರಿಬಸವಯ್ಯ ಜಗಲಿಯ ಮೇಲೆ ಕುಳಿತು ಎದುರಿನ ಖಾಲಿ ಸೈಟುಗಳನ್ನು ನೋಡುತ್ತಿದ್ದರು. ಬೈರಣ್ಣನ ಹೆಂಡತಿ ಗೌರಮ್ಮ ತಟ್ಟೆ ಮುಚ್ಚಿಕೊಂಡು ಬಂದಳು.

"ಒಂದು ತುತ್ತು ತಿನ್ನಿ ಸಾಮಿ."

"ಗೌರಮ್ಮ, ಅವಳು ನಿಂಗೆ ಸಮುದ್ರದ ಬಗ್ಗೆ ಏನೇನು ಹೇಳ್ತಿದ್ಳು?"

"ಅಯ್ಯೋ, ನಿಮಗೆ ಹೇಳ್ದೇ ಇರೋದು ನಂಗೇನು ಹೇಳ್ತಾರೆ?"

"ನಂಗೆ ಹೇಳಿಲ್ಲ. ಹೇಳಕ್ಕೆ ಹೊರಟೋಳ ಬಾಯಿ ನಾನೇ ಮುಚ್ಚಿಸ್ದೆ."

ಗೌರಮ್ಮ ತಟ್ಟೆ ಕೆಳಗಿಟ್ಟಳು. ಅವರ ಮುಖವನ್ನೊಮ್ಮೆ ನೋಡಿ, ಮೆಟ್ಟಿಲ ಕೆಳಗೆ ಅಂಗಳದಲ್ಲಿ ಕೂತಳು.

"ಮಳೆಗಾಲ ಮುಗಿದ್ಮೇಲೆ ಹೋಗ್ಬೇಕಂತೆ ಸಾಮಿ. ಹುಡುಕ್ತೀನಿ ಅಂತ ಹೋದ್ರೆ ಏನೂ ಸಿಗಲ್ವಂತೆ, ಸುಮ್ಕೆ ನಡೀಬೇಕಂತೆ. ಅಲೆ ಬರೋವಾಗ ನೋಡ್ಬಾರ್ದು. ಹಿಂದಕ್ಕೆ ಹೋಗ್ತದಲ್ಲ, ಆಗ ನೋಡ್ಬೇಕಂತೆ."

"ಹಿಂದಕ್ಕೆ ಹೋಗೋವಾಗ ಹೇಗಿರತ್ತಂತೆ?"

ಹುಟ್ಟಿದಾಗಿನಿಂದ ಯಡಿಯೂರು ಕೆರೆಯ ಹೊರತು ಬೇರೆ ನೀರು ಕಾಣದ ಗೌರಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿದಳು. ಎರಡೂ ಅಂಗೈಗಳನ್ನು ಅಂಗಳದ ಧೂಳಿನ ಮೇಲೆ ಅಗಲವಾಗಿ ಹರಡಿ, ಮೆಲ್ಲಗೆ, ಬಹಳ ಮೆಲ್ಲಗೆ, ತನ್ನತ್ತ ಎಳೆದುಕೊಂಡಳು.

ಕರಿಬಸವಯ್ಯ ಜಗಲಿಯಿಂದಿಳಿದು ಬಾಗಿ ನೋಡಿದರು.