ಬೆಳಿಗ್ಗೆ ಸಂಜೆಯಾಗುವ ಮನೆ

ನಮ್ಮ ಎದುರುಮನೆಯ ಸೀಸೆಮಾವ ಯಾರನ್ನು ಕಂಡರೂ ಊಟವಾಯಿತೇ ಎಂದಾಗಲಿ, ಮೈ ಹುಷಾರೇ ಎಂದಾಗಲಿ ಕೇಳಿದವರಲ್ಲ. "ನಿನ್ನೆ ಸಂಜೆ ಹೇಗಿತ್ತು?" ಎಂಬುದೊಂದೇ ಅವರ ಪ್ರಶ್ನೆ. ಸಮುದ್ರ ದಾಟಿ ಬಂದವನನ್ನು ಆ ದೇಶ ಹೇಗಿತ್ತೆಂದು ವಿಚಾರಿಸುವಾಗಿನ ಕುತೂಹಲ ಆ ದನಿಯಲ್ಲಿರುತ್ತಿತ್ತು. ಕೇಳಿ ಮುಂದೆ ಹೋಗುವ ಆಸಾಮಿಯೂ ಅಲ್ಲ. ಕಣ್ಣು ಕಿರಿದು ಮಾಡಿ, ಉತ್ತರದ ಒಂದೊಂದು ಮಾತಿನಲ್ಲೂ ಬಿರುಕು ಹುಡುಕುವವರಂತೆ ನಿಂತುಬಿಡುತ್ತಿದ್ದರು. ನಿವೃತ್ತನಾಗಿ ಸಂಜೆಗಳನ್ನು ಮೂಟೆಗಟ್ಟಲೆ ಕೂಡಿಟ್ಟುಕೊಂಡಿದ್ದ ನಾನು ಧಾರಾಳವಾಗಿಯೇ ಬಡಿಸುತ್ತಿದ್ದೆ: ಸೂರ್ಯ ಮುಳುಗಲು ಮನಸ್ಸು ಬಾರದೆ ನೀರಿನ ಟ್ಯಾಂಕಿನ ಮೇಲೆ ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತಿದ್ದನೆಂದೂ, ಮೂಲೆಮನೆಯ ಬೆಕ್ಕೂ ನಾಯಿಯೂ ಜಗಳ ಮರೆತು ಗಾಳಿಸೇವನೆಗೆ ಜೊತೆಯಾಗಿ ಹೊರಟವೆಂದೂ. "ಹೌದೇನ್ರೀ!" ಎಂದು ಅವರು ನಿಟ್ಟುಸಿರಿಡುತ್ತಿದ್ದರು. ಬೆಕ್ಕು ನಾಯಿಗಳನ್ನು ನಂಬದಿದ್ದರೂ ಸೂರ್ಯನನ್ನು ನಂಬಿದ್ದರೆಂದು ನನ್ನ ಗುಮಾನಿ.

ನನಗಿಂತ ಕಿರಿಯರೇ, ಆದರೆ ಬೀದಿಯ ಮಕ್ಕಳಿಗೆಲ್ಲ ಮಾವನಾದವರು ನನಗೂ ಮಾವನೇ ಆದರು. ಸೀಸೆ ಕಾರ್ಖಾನೆಯಲ್ಲಿ ಅವರದು ಸಂಜೆಪಾಳಿ. ಊರೆಲ್ಲ ಆಕಳಿಸುವ ಮಧ್ಯಾಹ್ನದಲ್ಲಿ ಹೊರಟರೆ, ಊರು ಹಾಸಿಗೆ ಸೇರಿದ ಮೇಲೆ ಹಿಂದಿರುಗುವುದು. ಕುಲುಮೆಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಆರಿದರೆ ಒಳಗಿನ ಗಾಜೆಲ್ಲ ಬಂಡೆಯಾದೀತೆಂದು ಮೂರು ಪಾಳಿಯವರು ಅದನ್ನು ಎಳೆಗೂಸಿನಂತೆ ಸರದಿಯ ಮೇಲೆ ಕಾಯುತ್ತಿದ್ದರು. ತಣಿದ ಸೀಸೆಗಳು ಬೆಳಕಿನ ಪರದೆಯ ಮುಂದೆ ಸಾಲಾಗಿ ಸರಿಯುವಾಗ ಬಿರುಕು ಬಿಟ್ಟದ್ದನ್ನು ಎತ್ತಿ ಹಾಕುವುದು ಮಾವನ ಕೆಲಸ. ಸೀಸೆಗಳು ಸದಾ ಬಲದಿಂದ ಎಡಕ್ಕೆ ಸಾಗುತ್ತಿದ್ದುದರಿಂದ ಅವರ ಕತ್ತೂ ಎಡಕ್ಕೇ ಕೊಂಚ ತಿರುಗಿ ನಿಂತುಬಿಟ್ಟಿತ್ತು. ನೆಟ್ಟಗೆ ನಡೆಯುತ್ತೇನೆಂದು ಹೊರಟವರು ತಮಗರಿಯದೆ ಎಡಗಡೆಗೆ ಸರಿದು, ಚರಂಡಿಯ ಅಂಚಿನಲ್ಲಿ ಎಚ್ಚೆತ್ತು, ಮತ್ತೆ ನಡುಬೀದಿಗೆ ಬಂದು, ಮತ್ತೆ ಸರಿದು, ಹೀಗೆ ನಮ್ಮ ಬೀದಿಯನ್ನು ದಿನವೂ ಒಂದು ಸಲ ಹೊಲಿದುಕೊಂಡೇ ಬಸ್ಸು ಹಿಡಿಯುತ್ತಿದ್ದರು. ಇನ್ನು ಅವರ ನೀಲಿ ಕ್ಯಾನ್ವಾಸ್ ಕೋಟು! ಕುಲುಮೆಯ ಝಳಕ್ಕೆ ಬೆಂದು ಬೆಂದು ಅದು ಎಷ್ಟು ಗಡಸಾಗಿತ್ತೆಂದರೆ, ಬಿಚ್ಚಿ ಜಗಲಿಯಲ್ಲಿಟ್ಟರೆ ತಾನಾಗಿ ನಿಲ್ಲುತ್ತಿತ್ತು. ಹೊಸದಾಗಿ ಬಂದ ಅಂಚೆಯವನೊಬ್ಬ ಅದರೊಡನೆ ತುಸು ಹೊತ್ತು ಮಾತಾಡಿ, ಉತ್ತರ ಬಾರದಿದ್ದಾಗ "ಈ ಮನೆಯವರಿಗೆ ಎಂಥ ಜಂಬ!" ಎಂದು ನನ್ನೆದುರು ದೂರಿದ್ದ.

ಸಂಜೆಪಾಳಿಗೂ ಅದರದೇ ವೈಭವವಿತ್ತು. ಸಾಹೇಬರುಗಳೆಲ್ಲ ಮನೆಯ ದಾರಿ ಹಿಡಿದ ಮೇಲೆ, ಮಾವನ ಮಾತಿನಲ್ಲೇ ಹೇಳುವುದಾದರೆ, "ಕಾರ್ಖಾನೆ ನಮ್ಮಪ್ಪಂದೇ ನೋಡಿ." ಬುತ್ತಿಗಳು ಒಂದರೊಳಗೊಂದು ಬೆರೆಯುತ್ತಿದ್ದವು, ಯಂತ್ರಗಳ ಗದ್ದಲದಲ್ಲಿ ಯಾರು ಎಷ್ಟು ಕೆಟ್ಟದಾಗಿ ಹಾಡಿದರೂ ಸಂಗೀತಕ್ಕೆ ಅಪಚಾರವಾಗುತ್ತಿರಲಿಲ್ಲ. ಬೆಳಗಿನ ಬಿಡುವಿನಲ್ಲಿ ಆಸ್ಪತ್ರೆ, ಬ್ಯಾಂಕು, ವಿದ್ಯುತ್ ಕಚೇರಿಗಳ ಸಾಲುಗಳಲ್ಲಿ ಇಡೀ ಬೀದಿಯ ಪರವಾಗಿ ನಿಲ್ಲುತ್ತಿದ್ದವರೂ ಅವರೇ. ಆದರೆ ಬಂಧುಬಳಗದ ಮದುವೆಯ ಫೋಟೋಗಳಲ್ಲೆಲ್ಲ ಅವರ ಹೆಂಡತಿ ಮಕ್ಕಳ ನಡುವೆ ಒಬ್ಬ ಮನುಷ್ಯನಷ್ಟು ಅಗಲದ ಖಾಲಿ ಜಾಗವಿರುತ್ತಿತ್ತು. ಮಗಳು ಶಾಲೆಯ ನಾಟಕದಲ್ಲಿ ರಾಣಿಯಾದದ್ದು ಅವರಿಗೆ ಕೇಳಿ ಮಾತ್ರ ಗೊತ್ತು. ಮಗ ಹಸುಗೂಸಾಗಿದ್ದಾಗ ಮುಸ್ಸಂಜೆಯಲ್ಲಿ ಜ್ವರವೇರಿ ಕಣ್ಣು ಮೇಲೆ ಸಿಕ್ಕಿಸಿಕೊಂಡಾಗ, ಹೆಂಡತಿಯೊಬ್ಬರೇ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ಡಾಕ್ಟರ ಮನೆಗೆ ಓಡಿದ್ದರು. ಅಂದಿನಿಂದ ಆಕೆಯದು ಒಂದೇ ರಾಗ: "ಹೇಗಾದ್ರೂ ಹಗಲುಪಾಳಿ ಕೇಳ್ರೀ."

ಹಗಲುಪಾಳಿ ಸಿಗಲಿಲ್ಲ; ಮನೆಯವರು ಅದಕ್ಕೊಂದು ಉಪಾಯ ಹೂಡಿದರು. ಸಂಜೆಯನ್ನೇ ಎತ್ತಿ ಬೆಳಿಗ್ಗೆಗೆ ಇಟ್ಟುಕೊಂಡರು. ಹಾಲಿನವನು ಬರುವ ಹೊತ್ತಿಗೆ ನಾಲ್ವರೂ ಅಡುಗೆಮನೆಯ ನೆಲದ ಮೇಲೆ ಕೂತರೆಂದರೆ ಆ ಮನೆಗೆ ನಿನ್ನೆಯ ಸಂಜೆ ಶುರು. ನಮ್ಮ ಕಿಟಕಿಗೂ ಅವರ ಅಡುಗೆಮನೆಗೂ ನಡುವೆ ಇದ್ದುದು ಒಂದು ಬೀದಿ, ಅದೂ ಕಿವಿ ಚಾಚಿದರೆ ಮುಗಿದುಹೋಗುವಂಥದು. ಹಾಗಾಗಿ ಎಲ್ಲವೂ ನನಗೆ ಗೊತ್ತು. ಶಾಲೆಯಲ್ಲಿ ಯಾರು ಯಾರನ್ನು ದೂಡಿದರು, ಹೆಂಡತಿಯ ಹೊಲಿಗೆಯ ಗಿರಾಕಿಗಳಲ್ಲಿ ಯಾರು ತಾವು ದಪ್ಪಗಾದದ್ದಕ್ಕೆ ಕತ್ತರಿಯನ್ನು ಬೈದರು, ಎಲ್ಲ ಅಹವಾಲುಗಳೂ ಒಂದು ರಾತ್ರಿ ನೆನೆದು ಮೆತ್ತಗಾಗಿ ಅಲ್ಲಿಗೆ ಬರುತ್ತಿದ್ದವು. ಮಗನ ತಂಟೆಗಳ ವಿಚಾರಣೆಯೂ ಆಗಲೇ. ರಾತ್ರಿಯಿಡೀ ಸಮಯ ಸಿಕ್ಕಿದ್ದರಿಂದ ಹುಡುಗ ವಕೀಲರನ್ನು ನಾಚಿಸುವ ವಾದ ಹೂಡುತ್ತಿದ್ದ, ನಿದ್ದೆ ತಿಳಿದೆದ್ದ ನ್ಯಾಯಾಧೀಶರು ನಗು ನುಂಗಿಕೊಂಡು, "ಈ ಸಲ ಬಿಟ್ಟಿದ್ದೀನಿ ಕಣೋ. ಪ್ರತಿ ಸಲಾನೂ ಹೀಗೇ ಹೇಳ್ತೀನಿ ಅಂದ್ಕೋಬೇಡ" ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ಹೀಗಿರುವಾಗ ಹಗಲುಪಾಳಿಯ ಪರೀಕ್ಷಕರೊಬ್ಬರು ನಿವೃತ್ತರಾದರು. ಮೇಲ್ವಿಚಾರಕ ಮಾವನನ್ನು ಕರೆದು, "ಒಂದು ತಿಂಗಳು ಮಾಡಿ ನೋಡಿ. ಸರಿಹೋದ್ರೆ ಜಾಗ ನಿಮ್ದೇ. ಬೇಡ ಅಂದ್ರೆ ಇನ್ನೊಬ್ರಿಗೆ ಕೊಡ್ತೀನಿ, ಆಮೇಲೆ ನೀವು ರಿಟೈರ್ ಆಗೋವರೆಗೂ ಇನ್ನೊಂದು ಖಾಲಿ ಆಗಲ್ಲ" ಎಂದ.

ಮೊದಲ ದಿನ ಮಾವ ಬಿಸಿಲಿರುವಾಗಲೇ ಮನೆಗೆ ಬಂದು, ಕೈಕಾಲು ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಯಾರನ್ನೋ ಎದುರುಗೊಳ್ಳುವವರಂತೆ ಗೇಟಿನಲ್ಲಿ ನಿಂತರು. ಬಸ್ಸಿನಿಂದಿಳಿದ ಜನ ಮುಖ ಬಾಡಿಸಿಕೊಂಡು ತಂತಮ್ಮ ಮನೆ ಹೊಕ್ಕರು, ಬಾಗಿಲುಗಳು ಮುಚ್ಚಿದವು, ಟೀವಿಗಳು ಬಾಯಿಬಿಟ್ಟವು. ಸೂರ್ಯ ಹೇಳದೆ ಕೇಳದೆ ಹೋಗಿಬಿಟ್ಟ. ಮಾವ ನನ್ನತ್ತ ತಿರುಗಿದರು.

"ಇಷ್ಟೇನಾ?"

"ಇವತ್ತು ಸ್ವಲ್ಪ ಸಪ್ಪೆ," ಎಂದೆ. "ನಾಳೆ ನೋಡಿ."

ನಾಳೆಯೂ ಅಷ್ಟೇ ಆಯಿತು. ಮನೆಯೊಳಗಿನ ಅವಸ್ಥೆ ಇನ್ನೂ ವಿಚಿತ್ರ. ಹೊರಕೋಣೆಯಲ್ಲಿ ಅಳತೆ ಕೊಡಲು ಬಂದ ಹೆಂಗಸರು ಇವರನ್ನು ಕಂಡು ಟೇಪಿನಂತೆ ಸುರುಳಿ ಸುತ್ತಿಕೊಂಡರು. ಒಳಕೋಣೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತ ಬಾಗಿಲು ಹಾಕಿಕೊಂಡಿದ್ದಳು. ಅಡುಗೆಮನೆಯಲ್ಲಿ ಏನನ್ನು ಮುಟ್ಟಿದರೂ ಅದು ಮುಟ್ಟಬಾರದ್ದಾಗಿತ್ತು. ಕೊನೆಗೆ ವಿಳಾಸ ತಪ್ಪಿದ ಪಾರ್ಸೆಲ್ಲಿನಂತೆ ನನ್ನ ಜಗಲಿಗೆ ಬಂದು ಬಿದ್ದರು. ಬೆಳಗಿನ ಸಭೆಯೂ ನಿಂತುಹೋಗಿತ್ತು, ಎಲ್ಲರಿಗಿಂತ ಮೊದಲು ಮನೆ ಬಿಡಬೇಕಾದವರು ಈಗ ಅವರೇ.

ಮೂರನೆಯ ವಾರ ಮಗ ಆಟ ಮುಗಿಸಿ ಬಂದು, ಕೆಸರು ಕಾಲಿನಲ್ಲೇ, ಗಿರಾಕಿಗೆಂದು ಹೊಲಿದಿಟ್ಟ ರೇಷ್ಮೆ ಬಟ್ಟೆಯ ಮೇಲೆ ನಿಂತ. ಹಿಂದಾಗಿದ್ದರೆ ಬೆಳಗಾಗುವಷ್ಟರಲ್ಲಿ ಕಲೆ ಹೋಗಿರುತ್ತಿತ್ತು, ಆಪಾದನೆಯೂ ಅರ್ಧ ಒಗೆದಂತಾಗಿರುತ್ತಿತ್ತು. ಆದರೆ ಅಂದು ಮಾವ ಅಲ್ಲೇ ಇದ್ದರು, ದಣಿದಿದ್ದರು, ಹಸಿದಿದ್ದರು. ಏಟಿನ ಸದ್ದು ನನ್ನ ಜಗಲಿಗೂ ಕೇಳಿತು. ಹುಡುಗ ಅಳಲಿಲ್ಲ, ಅಪರಿಚಿತರನ್ನು ನೋಡುವಂತೆ ನೋಡಿದನಂತೆ. ಬಾಗಿಲು ತೆರೆದು ಬಂದ ಮಗಳು, "ಅಪ್ಪಾ, ಬೆಳಗಿನ ಅಪ್ಪ ಎಲ್ಲಿ ಹೋದ್ರು?" ಎಂದಳು.

ಮೇಲ್ವಿಚಾರಕನಿಗೆ ಉತ್ತರ ಕೊಡಬೇಕಾದ ದಿನಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಪೇಪರಿನ ನೆಪದಲ್ಲಿ ನಾನು ಹೋದಾಗ ಅಡುಗೆಮನೆಯಲ್ಲಿ ಎಲ್ಲರೂ ಕೂತಿದ್ದರು. ಹೊರಡಲು ತಿರುಗಿದೆ, "ಕೂತ್ಕೊಳ್ಳಿ, ಹೇಗೂ ಅಲ್ಲಿಂದ ಕೇಳಿಸ್ಕೊಳ್ತೀರಲ್ಲ," ಎಂದು ಮಾವನ ಹೆಂಡತಿ ನನ್ನ ಮಾನ ಕಳೆದು ಕೂರಿಸಿದರು.

"ನಿನ್ನ ಒಂದು ಮಾತಿಗೋಸ್ಕರ ಒಪ್ಕೊಂಡೆ ಕಣೇ," ಎಂದರು ಮಾವ. "ಇಷ್ಟು ವರ್ಷ ಬೇಡ್ಕೊಂಡಿದ್ದು ನೀನು. ಈಗ ಬಂದ್ರೆ ನನಗೆ ಕೂರೋಕೆ ಒಂದು ಮೂಲೆ ಇಲ್ಲ."

ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆಯೆತ್ತಲಿಲ್ಲ. "ಬೇಡ್ಕೊಂಡೆ. ಇವನನ್ನ ಎತ್ಕೊಂಡು ಓಡಿದೆನಲ್ಲ, ಆಗ ನೀವು ಬೇಕಿತ್ರೀ. ಆ ಸಂಜೇನ ಈಗ ತಂದು ಕೊಡೋಕಾಗುತ್ತಾ? ನೀವಿಲ್ಲದ ಸಂಜೆಗಳನ್ನ ತುಂಬಿಸ್ಕೋಬೇಕು ಅಂತಾನೇ ಈ ಮಿಷನ್ ತುಳಿಯೋಕೆ ಕೂತೆ. ಈಗ ಅದು ನನ್ನದು. ಬರ್ತೀರಾ ಅಂದ್ರೆ ಬನ್ನಿ, ಒಗ್ಗಿಸ್ಕೋತೀವಿ. ಆದ್ರೆ ಹಳೇದಕ್ಕೆ ಪರಿಹಾರ ಅಂತ ಮಾತ್ರ ಬರ್ಬೇಡಿ."

ನಾನು ಜನ್ಮದಲ್ಲಿ ಮೊದಲ ಬಾರಿಗೆ ತಮಾಷೆಯೊಂದನ್ನು ನುಂಗಿದೆ. ಅದು ಇನ್ನೂ ಜೀರ್ಣವಾಗಿಲ್ಲ. ಮಾವ ಮಗನನ್ನು ಹತ್ತಿರ ಕರೆದು, "ಆ ರೇಷ್ಮೆ ಬಟ್ಟೆ ಕೇಸು ಇನ್ನೂ ಬಾಕಿ ಇದೆಯಲ್ಲೋ. ನಿನ್ನ ವಾದ ಏನು, ಹೇಳು," ಎಂದರು. ಹುಡುಗ ಅನುಮಾನದಿಂದಲೇ ಶುರುಮಾಡಿ, ಕೆಸರು ಮಾಡಿದ್ದು ಮಳೆ, ಮಳೆ ಮಾಡಿದ್ದು ಮೋಡ ಎಂದು ಆಕಾಶದವರೆಗೆ ತಪ್ಪನ್ನು ಏರಿಸಿಬಿಟ್ಟ. ಮಾವ ಅವನ ಕೆನ್ನೆ ಸವರಿದರು; ತೀರ್ಪು ಕೊಡಲಿಲ್ಲ.

ಮರುದಿನ ಮೇಲ್ವಿಚಾರಕನ ಮುಂದೆ ನಿಂತು, ತಾವು ಸಂಜೆಪಾಳಿಗೇ ಮರಳುವುದಾಗಿ ಹೇಳಿ, ಹಗಲಿನ ಜಾಗವನ್ನು ಅಲ್ಲಿ ತಮ್ಮ ಸಾಲಿನಲ್ಲೇ ಸೀಸೆ ಜೋಡಿಸುವ ಕಿರಿಯ ಸಹೋದ್ಯೋಗಿಗೆ ಕೊಡಿರೆಂದರಂತೆ. ಅವನ ಹೆಂಡತಿಗೆ ಹೊಸದಾಗಿ ಹೆರಿಗೆಯಾಗಿತ್ತು. "ಯಾಕ್ರೀ, ಅವನೇನು ನಿಮ್ಮ ಸಂಬಂಧಿಕನಾ?" ಎಂದು ಮೇಲ್ವಿಚಾರಕ ಕೇಳಿದ್ದಕ್ಕೆ ಇವರ ಉತ್ತರ ಇಷ್ಟೇ: "ಅವನಿಗೆ ಈಗ ಬೇಕು."

ಆ ಯುವಕನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಈಗ ದಿನವೂ ಬಿಸಿಲು ಇಳಿಯುವಾಗ ಅವನು ಕೂಸನ್ನು ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತ, ನಮ್ಮ ಮುಂದೆ ಹಾದುಹೋಗುತ್ತಾನೆ. ಆಗ ಎದುರುಮನೆಯ ಹೊಲಿಗೆಯ ಯಂತ್ರ ಒಂದು ಗಳಿಗೆ ನಿಲ್ಲುತ್ತದೆ. ಆಕೆ ಕಿಟಕಿಯಿಂದ ಅವನು ತಿರುವು ದಾಟುವವರೆಗೂ ನೋಡುತ್ತಾರೆ. ಯಂತ್ರ ಮತ್ತೆ ಓಡುತ್ತದೆ, ಮೊದಲಿಗಿಂತ ಕೊಂಚ ಜೋರಾಗಿ. ಆ ಗಳಿಗೆಯಲ್ಲಿ ಏನಿರುತ್ತದೆಂದು ತಿಳಿಯುವ ಕುತೂಹಲ ನನಗಿದೆ, ಕೇಳುವ ಧೈರ್ಯವಿಲ್ಲ.

ಒಂದೇ ವಸ್ತುವಿಗಾಗಿ ಜೀವಮಾನವೆಲ್ಲ ಹಂಬಲಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲೂ ಒಬ್ಬನನ್ನು ಕಾಣುತ್ತೇನೆ. ಹೊತ್ತು ಮೀರಿ ಅದು ಕೈಸೇರಿದಾಗ, ಇನ್ನು ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ, ನಮ್ಮದೆಂಬ ಹಟಕ್ಕೆ ಬಿಗಿಹಿಡಿದು ಎಲ್ಲರ ದಾರಿಗೆ ಅಡ್ಡ ಕೂರುವವರೇ ನಮ್ಮಲ್ಲಿ ಹೆಚ್ಚು. ಮಾವನಂಥವರ ಜಾಯಮಾನ ಬೇರೆ. ತಡವಾಗಿ ಬಂದದ್ದನ್ನು ತಡವಾಯಿತೆಂದು ಒಪ್ಪಿ, ಅದರ ಮೇಲೆ ಸಿಟ್ಟಾಗದೆ, ಅದು ಯಾರಿಗೆ ಹೊತ್ತಿಗೆ ಸರಿಯಾಗಿ ಮುಟ್ಟೀತೋ ಅವರ ಬಾಗಿಲು ತಟ್ಟಿ ಕೊಟ್ಟುಬಿಡುತ್ತಾರೆ. ಅದರಿಂದ ಅವರ ನಷ್ಟವೇನೂ ತುಂಬುವುದಿಲ್ಲ. ಆದರೆ ಊರಿನಲ್ಲಿ ಎಲ್ಲೋ ಒಂದು ಕೂಸು, ತಾನು ಯಾರ ಪಾಲಿನ ಸಂಜೆಯಲ್ಲಿ ಅಪ್ಪನ ಭುಜದ ಮೇಲೆ ಮಲಗಿದ್ದೇನೆಂದು ತಿಳಿಯದೆ, ಸುಖವಾಗಿ ನಿದ್ದೆಹೋಗುತ್ತದೆ.