ಆಪರೇಷನ್ ಬೆಳಿಗ್ಗೆ ಕೊಟ್ಟ ಮಾತ್ರೆ

ಸೂಪು ಮೇಜಿಗೆ ಬಂದರೆ ಮಾರ್ಸಲೆನ್ ಗಾಶೆ ಹಸಿವಿಲ್ಲ ಎನ್ನುತ್ತಿದ್ದ. ಚಮಚ ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಸೂಪು ಅಂಗಿಯ ಮೇಲಿರುತ್ತಿತ್ತು. ಫ್ರಾನ್ಸಿನ ನಮ್ಮ ಗ್ರೆನೋಬ್ಲ್‌ನಲ್ಲಿ ಮೂವತ್ತು ವರ್ಷ ತೊಗಲು ಎಳೆದು, ಹದ ನೋಡಿ, ಕೈಗವಸು ಕತ್ತರಿಸಿದ ಕೈ ಅದು. ಪಾರ್ಕಿನ್ಸನ್ ಕಾಯಿಲೆ ಬಂದು ಹತ್ತು ವರ್ಷ. ಮಾತ್ರೆ ನುಂಗಿದರೆ ಎರಡು ಗಂಟೆ ಆರಾಮ. ಆಮೇಲೆ ಮತ್ತೆ ನಡುಕ, ಬಿಗಿತ.

ಮನೆಗೆ ಬರುವ ನರ್ಸ್ ಸಿಲ್ವಿಯಾನ್ ಮಿದುಳಿನ ಆಪರೇಷನ್ ಮಾತೆತ್ತಿದಳು. ಅವನ ಹೆಂಡತಿ ಓದೀಲ್ ಸಿಡಿದಳು.

“ತಲೆ ಏನು ಆಕ್ರೋಟಾ, ಒಡೆದು ನೋಡೋಕೆ? ಅದೂ ಎಚ್ಚರ ಇರೋವಾಗ್ಲೇ ಅಂತೆ!”

“ಮದಾಂ, ಮಿದುಳಿಗೆ ನೋವು ಗೊತ್ತಾಗಲ್ಲ. ನೆತ್ತಿ ಚರ್ಮಕ್ಕೆ ಇಂಜೆಕ್ಷನ್ ಕೊಡ್ತಾರೆ. ತಲೆ ಅಲುಗದ ಹಾಗೆ ಚೌಕಟ್ಟು ಹಾಕಿ, ಸಣ್ಣ ತೂತಿಂದ ತೆಳ್ಳನೆ ತಂತಿ ಇಳಿಸಿ ಕರೆಂಟ್ ಕೊಡ್ತಾರೆ. ಅವರು ಹುಡುಕೋ ಜಾಗ ಬಟಾಣಿ ಕಾಳಷ್ಟೂ ಇಲ್ಲ. ಕರೆಂಟ್ ಸರಿಯಾದ ಕಡೆ ಮುಟ್ತಾ ಅಂತ ಕೈ ನೋಡೇ ತಿಳೀಬೇಕು. ಅದಕ್ಕೇ ಎಚ್ಚರ.”

“ಕಾಯಿಲೆ ವಾಸಿ ಆಗುತ್ತಾ?”

“ಇಲ್ಲ. ನಡುಕ, ಬಿಗಿತ ತಗ್ಗುತ್ತೆ. ನೂರರಲ್ಲಿ ಒಬ್ಬಿಬ್ಬರಿಗೆ ಒಳಗೆ ರಕ್ತ ಸೋರಬಹುದು. ಸೋಂಕೂ ಆಗಬಹುದು.”

“ನೋಡಿದ್ಯಾ, ಮುದುಕಾ?”

“ತಲೆ ನಂದು ಕಣೇ,” ಎಂದ ಮಾರ್ಸಲೆನ್. “ನಾನು ಒಪ್ಪಿದೆ.”

ಆಪರೇಷನ್ನಿನ ಹಿಂದಿನ ದಿನ ಸಂಜೆಯಿಂದ ಮಾತ್ರೆ ಕೊಡಬಾರದು ಎಂದಿದ್ದರು. ಬೆಳಿಗ್ಗೆ ಆಸ್ಪತ್ರೆಯ ಮಂಚದಲ್ಲಿ ಅವನಿಗೆ ಮಗ್ಗುಲು ಬದಲಿಸಲೂ ಆಗಲಿಲ್ಲ. ಹತ್ತು ವರ್ಷ ಗಡಿಯಾರ ನೋಡಿ ಮಾತ್ರೆ ಕೊಟ್ಟವಳು ಓದೀಲ್. ತನ್ನ ಕೈಗವಸಿನ ಹೆಬ್ಬೆರಳಿನಲ್ಲಿ ಒಂದು ಮಾತ್ರೆ ಬಚ್ಚಿಟ್ಟುಕೊಂಡಿದ್ದಳು. ಕೊಟ್ಟುಬಿಟ್ಟಳು.

ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ವಿಯೆರ್ಮೋ ಬಂದಾಗ ಕೈ ಶಾಂತವಾಗಿತ್ತು. “ನಡುಕ ಎಲ್ಲಿ ಹೋಯ್ತು?”

“ನಾನೇ ಕೊಟ್ಟೆ,” ಎಂದಳು ಓದೀಲ್. “ನೋಡೋಕಾಗಲಿಲ್ಲ.”

ಡಾಕ್ಟರ್ ಗದರಲಿಲ್ಲ. ಪಕ್ಕದಲ್ಲಿ ಕುಳಿತರು. “ಆ ನಡುಕ ನೋಡ್ಕೊಂಡೇ ನಾವು ತಂತಿ ಕೂರಿಸೋದು, ಮದಾಂ. ಅದೇ ಇಲ್ಲದಿದ್ರೆ ಯಾವ ಜಾಗ ಸರಿ ಅಂತ ಹೇಗೆ ಹೇಳಲಿ? ಬರೋ ಮಂಗಳವಾರ ಮಾಡೋಣ.”

ಮಂಗಳವಾರ ಅವಳು ಮಂಚದ ಪಕ್ಕ ಖಾಲಿ ಕೈಯಲ್ಲಿ ಕುಳಿತಿದ್ದಳು.

ಆಪರೇಷನ್ ಕೋಣೆಯಲ್ಲಿ ತಂತಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯಿತು. ಮಿದುಳಿನ ಜೀವಕೋಶಗಳ ಚಟಪಟ ಸದ್ದನ್ನು ಯಂತ್ರದಲ್ಲಿ ಕೇಳುತ್ತ, ಡಾಕ್ಟರ್ ಸೇರಿ ನಾಲ್ಕು ಜನ ನಿಂತಿದ್ದರು.

“ಮೊಸ್ಯೂ ಗಾಶೆ, ತೊಗಲು ಎಳೆಯೋ ಹಾಗೆ ಮಾಡಿ.”

ಕೈ ನಡುಗಿತು. ತಂತಿ ಅರ್ಧ ಮಿಲಿಮೀಟರ್ ಮುಂದೆ. ಕರೆಂಟ್. ಕೈ ಗಾಳಿಯಲ್ಲಿ ಸ್ಥಿರವಾಗಿ ನಿಂತಿತು.

“ನಿಲ್ಲಿಸ್ಬೇಡಿ,” ಎಂದ ಮಾರ್ಸಲೆನ್.

“ನಿಲ್ಲಿಸಲ್ಲ,” ಎಂದರು ಡಾಕ್ಟರ್.

ಕೊರಳ ಕೆಳಗೆ, ಚರ್ಮದೊಳಗೆ ಈಗ ಆ ತಂತಿಗೆ ಕರೆಂಟ್ ಕೊಡುವ ಪುಟ್ಟ ಬ್ಯಾಟರಿ ಇದೆ. ಮಾತ್ರೆ ಅರ್ಧಕ್ಕಿಳಿದಿದೆ. ನಡಿಗೆ ಇನ್ನೂ ನಿಧಾನ. ಕಳೆದ ಭಾನುವಾರ ಓದೀಲ್‌ಳ ಸರದ ಕೊಂಡಿಯನ್ನು ಅವನೇ ಹಾಕಿಕೊಟ್ಟ.

ನಿಮ್ಮ ಮನೆಯವರಿಗೂ ಪಾರ್ಕಿನ್ಸನ್ ಮಾತ್ರೆ ಮೊದಲಿನಂತೆ ಹಿಡಿಯುತ್ತಿಲ್ಲವೇ? ವಯಸ್ಸಾಯಿತೆಂದು ಸುಮ್ಮನಾಗಬೇಡಿ. ನರರೋಗ ತಜ್ಞರನ್ನು ಕೇಳಿ. ಈ ಚಿಕಿತ್ಸೆ ಎಲ್ಲರಿಗೂ ಒಗ್ಗುವುದಿಲ್ಲ, ಪರೀಕ್ಷಿಸಿಯೇ ಹೇಳುತ್ತಾರೆ. ಅವರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಅವರು ಬೇಡವೆಂದಾಗ ಕೊಡಬೇಡಿ. ಆ ಒಂದು ಬೆಳಿಗ್ಗೆ ನಡುಕ ನೋಡುತ್ತ ಪಕ್ಕದಲ್ಲಿ ಕುಳಿತಿರಿ. ಕಷ್ಟ. ಆದರೂ ಕುಳಿತಿರಿ.