ಹಿರಿಯರ ಹಾಜರಿ

ಸಭೆಯಲ್ಲಿ ಹೆದರದೆ ಮಾತಾಡುವುದನ್ನು ಜಯನಗರದಲ್ಲಿ ದುಡ್ಡು ತೆಗೆದುಕೊಂಡು ಕಲಿಸುವವಳು ನಾನು. ನನ್ನಮ್ಮ ತಿಮ್ಮಕ್ಕನಿಗೆ ಮಾತ್ರ ನನ್ನ ಪಾಠ ಹತ್ತಲಿಲ್ಲ.

"ಉಸಿರು ಎಳ್ಕೊಮ್ಮಾ, ಒಬ್ಬರ ಮುಖ ನೋಡ್ಕೊಂಡು ಮಾತಾಡು" ಎಂದರೆ, "ಯಾರ್ ಮುಖ ನೋಡ್ಲೇ ಶಾಲಿನಿ? ನೋಡಿದ್ ಕಡೆಯೆಲ್ಲ ನಿಮ್ಮಪ್ಪಾನೇ ಕಾಣ್ತಾರೆ" ಎನ್ನುತ್ತಿದ್ದಳು.

ಐದು ವರ್ಷದ ಹಿಂದೆ, ಹೊಸಕೆರೆಹಳ್ಳಿ ಕಡೆಯ ನಮ್ಮ ಬೀದಿಯ ಸ್ಮಶಾನದಲ್ಲಿ ಅರ್ಧವನ್ನು ಪಾಲಿಕೆಯವರು ಪಾರ್ಕಿಂಗಿಗೆ ಕೇಳಿದ್ದರು. ಹಿರಿಯರ ಹಬ್ಬದಲ್ಲಿ ಅಮ್ಮನ ದನಿ ಊರಿಗೆಲ್ಲ ಕೇಳುತ್ತದೆಂದು, ಸಭೆಯಲ್ಲಿ ಬೀದಿಯ ಪರವಾಗಿ ಮಾತಾಡಲು ನಮ್ಮವರು ಅವಳನ್ನೇ ನಿಲ್ಲಿಸಿದರು. ಮೈಕ್ ಹಿಡಿದಳು, ಹಾಗೇ ವಾಪಸು ಕೊಟ್ಟು ಕೂತುಬಿಟ್ಟಳು. 'ಆಕ್ಷೇಪಣೆ ಇಲ್ಲ' ಎಂದು ಬರೆದುಕೊಂಡರು. ಅಪ್ಪ ದಾಸಪ್ಪನ ಸಮಾಧಿ ಆ ಅರ್ಧದಲ್ಲಿತ್ತು. ಈಗ ಅದರ ಮೇಲೆ ಕಾರುಗಳು ನಿಲ್ಲುತ್ತವೆ.

ಅಂದಿನಿಂದ ಅಮ್ಮನಿಗೆ ಬೆನ್ನ ಹಿಂದೆ ಅಪ್ಪನ ಕೆಮ್ಮು ಕೇಳಿಸುತ್ತದೆ. ಒಂದು ಸಲ ಕೆಮ್ಮಿ, ಅವಳು ಬಾಯಿ ಬಿಡಲೆಂದು ಕಾಯುತ್ತಾನಂತೆ. ನನಗೆ ಯಾವತ್ತೂ ಕೇಳಿಸಿಲ್ಲವೆಂದು ಹೊಟ್ಟೆ ಉರಿದದ್ದೂ ಉಂಟು.

ಕಳೆದ ತಿಂಗಳು ಉಳಿದರ್ಧಕ್ಕೂ ನೋಟಿಸು ಬಂತು. ಕಾಗದದಲ್ಲಿ ಅದು 'ಖಾಲಿ ಜಾಗ'. ಈ ಸಲವೂ ತಾನೇ ಮಾತಾಡುತ್ತೇನೆಂದಳು ಅಮ್ಮ.

ಸಭೆಯ ದಿನ, ನಾನು ಬರೆದುಕೊಟ್ಟ ಚೀಟಿ ಅಮ್ಮನ ಕೈ ಬೆವರಿಗೆ ನೆನೆದು ಮುದ್ದೆಯಾಗಿತ್ತು. ಮೈಕಿನ ಮುಂದೆ ಅವಳು ಅದನ್ನು ಬಿಡಿಸಲು ಹೆಣಗುವುದು ಕೊನೆಯ ಸಾಲಿನಲ್ಲಿ ಕೂತ ನನಗೂ ಕಾಣುತ್ತಿತ್ತು. ಅಧಿಕಾರಿ ಗಡಿಯಾರ ನೋಡಿದರು. ಮುಗಿಯಿತು ಕಥೆ, ಅಂದುಕೊಂಡೆ.

ಅಮ್ಮ ಕಣ್ಣು ಮುಚ್ಚಿದಳು.

"ಮುನಿಯಮ್ಮಾ!"

ಹಬ್ಬದಲ್ಲಿ ಎಡೆ ಇಡುವ ಮುನ್ನ, ಸಮಾಧಿಗಳ ಸಾಲಿನಲ್ಲಿ ನಿಂತು ಅವಳು ಒಬ್ಬೊಬ್ಬರನ್ನೂ ಕೂಗುವುದು ಹೀಗೇ. ಅವರ ಮನೆಯವರು ಓಗೊಡಬೇಕು, ಅದು ನಮ್ಮ ಬೀದಿಯ ರೂಢಿ. ಸತ್ತವರ ಮುಂದೆ ಅಮ್ಮನ ದನಿ ನಡುಗಿದ್ದೇ ಇಲ್ಲ.

ಮುನಿಯಮ್ಮನ ಮೊಮ್ಮಗ ಭೀಮೇಶ್ ತಡಬಡಿಸಿ ಎದ್ದ. "ಬಂದಿದ್ದೀವಿ!"

"ಹನುಮಯ್ಯಾ!"

"ಬಂದಿದ್ದೀವಿ!"

ಒಬ್ಬೊಬ್ಬರಾಗಿ ಜನ ಎದ್ದರು. ಅಧಿಕಾರಿ ಬರೆದುಕೊಳ್ಳತೊಡಗಿದರು. ನಲವತ್ತೊಂದು ಹೆಸರಾದ ಮೇಲೆ 'ಖಾಲಿ' ಎಂಬ ಮಾತನ್ನು ಹೊಡೆದುಹಾಕಿ, "ಸಾಕಮ್ಮ, ಈ ಜಾಗ ಯಾರೂ ಮುಟ್ಟಲ್ಲ" ಎಂದರು. ಬೀದಿಯವರು ಚಪ್ಪಾಳೆ ಹೊಡೆದರು.

"ಇನ್ನೊಬ್ರಿದ್ದಾರೆ ಸಾರ್" ಎಂದಳು ಅಮ್ಮ. "ದಾಸಪ್ಪಾ!"

ಓಗೊಡಬೇಕಾದವಳು ನಾನು. ಬಾಯಿ ತೆರೆದೆ, ನಾಲಿಗೆ ಅಂಟಿಕೊಂಡಿತ್ತು. ಎಲ್ಲರೂ ನನ್ನತ್ತ ತಿರುಗಿದರು. ಐದು ವರ್ಷ ಅಮ್ಮನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಆಗ ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ನನ್ನ ಹಿಂದೆ ಇದ್ದದ್ದು ಗೋಡೆ.

"ಬಂದಿದ್ದೀವಪ್ಪಾ" ಎಂದು ಅತ್ತುಬಿಟ್ಟೆ.

ಅಧಿಕಾರಿ ಮತ್ತೆ ಪೆನ್ನು ತೆಗೆದರು. "ಇವರ ಸಮಾಧಿ ಯಾವ ಸಾಲಲ್ಲಿದೆಯಮ್ಮ?"

"ಪಾರ್ಕಿಂಗ್ ಕೆಳಗವ್ರೆ ಸಾರ್" ಎಂದಳು ಅಮ್ಮ. "ಅವತ್ತು ನಾನು ಮಾತಾಡ್ಲಿಲ್ಲ."